ಟೇಲರನ್ನು ವಾಪಸು ಕರೆದದ್ದು ತಪ್ಪೇ?

ಕಳೆದ ಯುಗಾದಿ ಊಟದ ಪಂಕ್ತಿಯಲ್ಲಿ ನನ್ನ ಎದುರಿಗೆ ಕುಳಿತಿದ್ದ ಮಿತ್ರರೊಬ್ಬರು ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಳ್ಳುತ್ತಾ, “ನಿಮ್ಮ ವಿಶ್ವನಾಥ್ ಒಳ್ಳೆಯ ಮನುಷ್ಯ, ಒಪ್ಪೋಣ. ಆದರೆ ಆವತ್ತು ಬಾಬ್ ಟೇಲರನ್ನು ವಾಪಸು ಕರೆದದ್ದು ಮಾತ್ರ ತಪ್ಪು ಕಣ್ರೀ” ಎಂದುಬಿಟ್ಟರು. ನಾನು ಸುಮ್ಮನಿದ್ದರೆ ಆಗುತ್ತಿತ್ತು, ಇರಲಿಲ್ಲ. ವಾದ ಮಜ್ಜಿಗೆಯವರೆಗೂ ಬಂತು, ಕೈತೊಳೆದ ಮೇಲೂ ಮುಂದುವರಿಯಿತು. ಕೊನೆಗೆ ನನ್ನ ಶ್ರೀಮತಿ ಬಂದು, “ಇವರಿಗೆ ಮನೆಯಲ್ಲಿ ಹಾಲು ತರುವುದು ನೆನಪಿರುವುದಿಲ್ಲ, ನಲವತ್ತು ವರ್ಷದ ಹಿಂದಿನ ಸ್ಕೋರು ಮಾತ್ರ ನೆನಪಿರುತ್ತದೆ” ಎಂದು ಎಲ್ಲರನ್ನೂ ನಗಿಸಿ ನನ್ನನ್ನು ಎಬ್ಬಿಸಿಕೊಂಡು ಹೋದಳು. ಪಕ್ಕದಲ್ಲೇ ಇದ್ದ ಸಂಪಾದಕರು ಸಮಯ ನೋಡಿ, “ಅಷ್ಟೊಂದು ಇದ್ದರೆ ಬರೆದು ಕೊಡಿ” ಎಂದರು. ಆದ್ದರಿಂದ ಈ ಲೇಖನ.

ಮೊದಲೇ ಹೇಳಿಬಿಡುತ್ತೇನೆ, ನಾನು ಕ್ರಿಕೆಟ್ ಪಂಡಿತನಲ್ಲ. ಮೈಸೂರಿನ ಓಣಿಯಲ್ಲಿ ತೆಂಗಿನ ಮೊಟ್ಟೆಯ ಬ್ಯಾಟು, ಇದ್ದಿಲಿನಲ್ಲಿ ಗೋಡೆಯ ಮೇಲೆ ಬರೆದ ಮೂರು ಗೂಟ, ಇಷ್ಟೇ ನನ್ನ ಕ್ರಿಕೆಟ್ ವಿದ್ಯಾಭ್ಯಾಸ. ಆದರೆ ಕೇಳಿದ್ದು ಬಹಳ. ನಮ್ಮ ಸೋದರಮಾವನವರು ರೇಡಿಯೋದ ಪಕ್ಕದಲ್ಲಿ ಕುಳಿತು, ಲೆಕ್ಕದ ಪುಸ್ತಕದಲ್ಲಿ ಗೆರೆ ಎಳೆದು, ಇಂಗ್ಲಿಷ್ ವೀಕ್ಷಕ ವಿವರಣೆಯನ್ನು ಕೇಳಿ ಪ್ರತಿಯೊಂದು ಚೆಂಡನ್ನೂ ಗುರುತು ಹಾಕುತ್ತಿದ್ದರು. ನಾವು ಹುಡುಗರು ಸುತ್ತ ಕುಳಿತು ಅವರ ಮುಖ ನೋಡಿಯೇ ಆಟ ಎತ್ತ ಹೋಗುತ್ತಿದೆ ಎಂದು ತಿಳಿಯುತ್ತಿದ್ದೆವು. ಅವರು ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿದರೆ ವಿಕೆಟ್ ಬಿತ್ತು ಎಂದರ್ಥ.

ಆ ಪೆನ್ಸಿಲು ಕಿವಿಗೂ ಕಾಗದಕ್ಕೂ ಓಡಾಡಿ ಸುಸ್ತಾದದ್ದು 1971ರ ಆಗಸ್ಟಿನಲ್ಲಿ. ಗೌರಿ-ಗಣೇಶ ಹಬ್ಬದ ದಿನಗಳು. ಲಂಡನ್ನಿನ ಓವಲ್ ಮೈದಾನದಲ್ಲಿ ನಮ್ಮ ಮೈಸೂರಿನವರೇ ಆದ ಚಂದ್ರಶೇಖರ್ 38 ರನ್ನಿಗೆ 6 ವಿಕೆಟ್ ತೆಗೆದು ಇಂಗ್ಲೆಂಡನ್ನು 101ಕ್ಕೆ ಮುಗಿಸಿದರು. ಗೆಲ್ಲಲು ಬೇಕಾಗಿದ್ದ 173 ರನ್ನುಗಳನ್ನು ಮರುದಿನ, ಚೌತಿಯ ದಿನ, ಭಾರತ ಹೊಡೆಯಿತು. ಇಂಗ್ಲೆಂಡಿನ ನೆಲದಲ್ಲಿ ನಮಗೆ ಅದೇ ಮೊದಲ ಸರಣಿ ವಿಜಯ. ಯಾರೋ ಪುಣ್ಯಾತ್ಮರು ಅಲ್ಲಿನ ಮೃಗಾಲಯದಿಂದ ಒಂದು ಆನೆಯನ್ನೂ ಮೈದಾನಕ್ಕೆ ಕರೆತಂದಿದ್ದರಂತೆ. ನಮ್ಮ ಮಾವನವರು ಇದನ್ನು ಕೇಳಿ ಗಣೇಶನ ಮುಂದೆ ಇನ್ನೊಂದು ತೆಂಗಿನಕಾಯಿ ಒಡೆದರು.

ಚಂದ್ರರ ವಿಷಯ ನಮ್ಮ ಮಕ್ಕಳಿಗೆ ಹೇಳಲೇಬೇಕು. ಚಿಕ್ಕಂದಿನಲ್ಲಿ ಪೋಲಿಯೋ ತಗಲಿ ಅವರ ಬಲಗೈ ಸೊರಗಿತ್ತು. ಚೆಂಡನ್ನು ಎಸೆಯಲು ಎಡಗೈ ಬಳಸುತ್ತಿದ್ದರು. ಆದರೆ ಬೌಲಿಂಗ್ ಮಾಡಿದ್ದು ಆ ಸೊರಗಿದ ಕೈಯಿಂದಲೇ! ಅದು ಚಾಟಿಯ ಹಾಗೆ ತಿರುಗುತ್ತಿತ್ತು, ಗೂಗ್ಲಿಯೋ ಲೆಗ್‌ಬ್ರೇಕೋ ಎಂದು ಬ್ಯಾಟುಗಾರನಿಗೆ ತಿಳಿಯುವಷ್ಟರಲ್ಲಿ ಗೂಟ ಹಾರಿರುತ್ತಿತ್ತು. 58 ಟೆಸ್ಟುಗಳಲ್ಲಿ 242 ವಿಕೆಟ್ ತೆಗೆದರು, ಬ್ಯಾಟಿನಿಂದ ಹೊಡೆದದ್ದು ಒಟ್ಟು 167 ರನ್. ತೆಗೆದ ವಿಕೆಟ್ಟಿಗಿಂತ ಹೊಡೆದ ರನ್ನು ಕಡಿಮೆ. ಈ ಲೆಕ್ಕವನ್ನು ಹೇಳಿ ನಗುವವರಿದ್ದಾರೆ. ನನಗೆ ನಗು ಬರುವುದಿಲ್ಲ. ಮನುಷ್ಯ ತನಗೆ ಬಂದ ಕೆಲಸವನ್ನು ಇಷ್ಟು ಚೆನ್ನಾಗಿ ಮಾಡಿದ ಮೇಲೆ ಬಾರದ ಕೆಲಸದ ಲೆಕ್ಕ ಯಾಕೆ?

ಎರಪಳ್ಳಿ ಪ್ರಸನ್ನರದು ಇನ್ನೊಂದು ತರಹ. ಅವರು ಮೈಸೂರಿನಲ್ಲಿ ಎಂಜಿನಿಯರಿಂಗ್ ಓದಿದವರು. 1962ರಲ್ಲಿ ಟೆಸ್ಟ್ ಆಡಲು ತೊಡಗಿ, ವೆಸ್ಟ್ ಇಂಡೀಸಿಗೂ ಹೋಗಿ ಬಂದು, ಆಮೇಲೆ ಓದು ಮುಗಿಸಬೇಕೆಂದು ಆಟ ಬಿಟ್ಟು ಕುಳಿತರು. ಮತ್ತೆ ಟೆಸ್ಟ್ ತಂಡಕ್ಕೆ ಬಂದದ್ದು 1967ರಲ್ಲಿ. ನಮ್ಮ ಕೂಟದ ತಂದೆತಾಯಿಗಳು ಇದನ್ನು ಗೋಡೆಗೆ ಅಂಟಿಸಿಕೊಳ್ಳಬಹುದು! ಕಣಿವೆಯಲ್ಲಿ ಎಂಜಿನಿಯರುಗಳಿಗೆ ಬರವಿಲ್ಲ, ಆದರೆ 189 ಟೆಸ್ಟ್ ವಿಕೆಟ್ ತೆಗೆದ ಎಂಜಿನಿಯರ್ ನಮ್ಮಲ್ಲಿ ಯಾರೂ ಇಲ್ಲ. (ಅನಿಲ್ ಕುಂಬ್ಳೆ, ಜಾವಗಲ್ ಶ್ರೀನಾಥರೂ ಎಂಜಿನಿಯರಿಂಗ್ ಓದಿದವರೇ ಎಂಬುದು ಕನ್ನಡ ನಾಡಿನ ವಿಶೇಷ.) ಪ್ರಸನ್ನರು ಚೆಂಡನ್ನು ಗಾಳಿಯಲ್ಲಿ ತೇಲಿಬಿಡುತ್ತಿದ್ದ ರೀತಿ ಊಟಕ್ಕೆ ಕರೆದ ಹಾಗಿರುತ್ತಿತ್ತು. ಬ್ಯಾಟುಗಾರ ಸಂತೋಷದಿಂದ ಮುಂದೆ ಬರುತ್ತಿದ್ದ. ಎಲೆಯ ಮುಂದೆ ಕುಳಿತ ಮೇಲೆ ತಿಳಿಯುತ್ತಿತ್ತು, ಊಟ ತನ್ನದಲ್ಲ ಎಂದು.

ನಾನು ಕಣ್ಣಾರೆ ಕಂಡ ಪಂದ್ಯಗಳಲ್ಲಿ ಮೊದಲ ಸ್ಥಾನ 1973-74ರ ರಣಜಿ ಸೆಮಿಫೈನಲ್ಲಿಗೆ. ರಾಜ್ಯಕ್ಕೆ ಕರ್ನಾಟಕವೆಂದು ಹೆಸರು ಬಂದದ್ದು 1973ರ ನವೆಂಬರ್ 1ರಂದು, ಆ ಹೆಸರಿನಲ್ಲಿ ನಮ್ಮ ತಂಡ ಆಡಿದ ಮೊದಲ ವರ್ಷವೇ ಅದು. ಎದುರಿಗೆ ಮುಂಬಯಿ. ಸತತ ಹದಿನೈದು ವರ್ಷ ರಣಜಿ ಟ್ರೋಫಿಯನ್ನು ಯಾರಿಗೂ ಬಿಟ್ಟುಕೊಡದ ತಂಡ. ಬೆಂಗಳೂರಿನ ಕ್ರೀಡಾಂಗಣ ಇನ್ನೂ ಪೂರ್ತಿ ಎದ್ದಿರಲಿಲ್ಲ, ಅದಕ್ಕೆ ಚಿನ್ನಸ್ವಾಮಿಯವರ ಹೆಸರೂ ಬಂದಿರಲಿಲ್ಲ. ಮಾವನವರೂ ನಾನೂ ಬುತ್ತಿ ಕಟ್ಟಿಕೊಂಡು ಹೋಗಿ ಬಿಸಿಲಿನಲ್ಲಿ ಕುಳಿತೆವು. ವಿಶ್ವನಾಥ್ 162, ಬ್ರಿಜೇಶ್ ಪಟೇಲ್ 106, ನಮ್ಮದು ಒಟ್ಟು 385. ಆಮೇಲೆ ಪ್ರಸನ್ನರ ಒಂದು ಚೆಂಡು ಗಾವಸ್ಕರರನ್ನು ದಾಟಿ ಗೂಟಕ್ಕೆ ಬಡಿಯಿತು. ಒಂದು ಕ್ಷಣ ಯಾರಿಗೂ ನಂಬಿಕೆಯಾಗಲಿಲ್ಲ, ಗಾವಸ್ಕರರಿಗಂತೂ ಮೊದಲೇ ಇಲ್ಲ. ವಾಡೇಕರ್ ಓಡುವಾಗ ಜಾರಿ ರನ್‌ಔಟ್ ಆದಾಗ ನನ್ನ ಪಕ್ಕದಲ್ಲಿದ್ದ ಅಪರಿಚಿತರೊಬ್ಬರು ನನ್ನನ್ನು ತಬ್ಬಿಕೊಂಡು ಅತ್ತರು. ಮುಂಬಯಿ 307. ಮೊದಲ ಇನಿಂಗ್ಸಿನ ಮುನ್ನಡೆಯ ಮೇಲೆ ಗೆದ್ದು, ಜಯಪುರದಲ್ಲಿ ರಾಜಸ್ಥಾನವನ್ನೂ ಸೋಲಿಸಿ, ನಾವು ಮೊದಲ ಸಲ ರಣಜಿ ಟ್ರೋಫಿ ತಂದೆವು.

ಈಗ ವಿಶ್ವನಾಥರ ಮಾತಿಗೆ ಬರೋಣ. ಹನ್ನೊಂದು ವರ್ಷದ ನನ್ನ ಮೊಮ್ಮಗಳು ಒಂದು ದಿನ ಕಂಪ್ಯೂಟರಿನಲ್ಲಿ ಪಟ್ಟಿ ನೋಡಿ, “ತಾತ, ನಿಮ್ಮ ವಿಶ್ವನಾಥ್ ಸರಾಸರಿ 41.93 ಅಷ್ಟೇ. ದ್ರಾವಿಡ್ ಐವತ್ತಕ್ಕಿಂತ ಮೇಲೆ” ಎಂದಳು. ಲೆಕ್ಕ ಸರಿಯಾಗಿಯೇ ಇದೆ. 91 ಟೆಸ್ಟ್, 6080 ರನ್, 14 ಶತಕ. ಆದರೆ ಅವಳಿಗೆ ಹೇಳಿದೆ: ಅವರು ಆಡಿದ ಅತ್ಯುತ್ತಮ ಆಟ ನಿನ್ನ ಶತಕದ ಪಟ್ಟಿಯಲ್ಲಿ ಇಲ್ಲವಲ್ಲ ಮಗು! 1975ರ ಜನವರಿಯಲ್ಲಿ ಮದರಾಸಿನ ಚೆಪಾಕಿನಲ್ಲಿ ಆಂಡಿ ರಾಬರ್ಟ್ಸ್ ಬೆಂಕಿ ಉಗುಳಿ 7 ವಿಕೆಟ್ ತೆಗೆದಾಗ ಭಾರತದ ಒಟ್ಟು ಮೊತ್ತ 190. ಅದರಲ್ಲಿ ವಿಶ್ವನಾಥರದು ಔಟಾಗದೆ 97. ಜೊತೆಗೆ ನಿಲ್ಲಲು ಕೊನೆಗೆ ಯಾರೂ ಉಳಿಯಲಿಲ್ಲ, ಶತಕಕ್ಕೆ ಮೂರು ರನ್ ಉಳಿಯಿತು. ಆ ಪಂದ್ಯವನ್ನು ಭಾರತ 100 ರನ್ನುಗಳಿಂದ ಗೆದ್ದಿತು. ಇನ್ನೊಂದು ಮಾತು: ಅವರು ಶತಕ ಹೊಡೆದ ಯಾವ ಟೆಸ್ಟನ್ನೂ ಭಾರತ ಸೋಲಲಿಲ್ಲ. ಭದ್ರಾವತಿಯಲ್ಲಿ ಹುಟ್ಟಿದ ಈ ಗಿಡ್ಡ ಮನುಷ್ಯ ಮಣಿಕಟ್ಟನ್ನು ಸ್ವಲ್ಪ ತಿರುಗಿಸಿ ಸ್ಕ್ವೇರ್‌ಕಟ್ ಹೊಡೆದರೆ ಚೆಂಡು ಬೇಲಿ ಮುಟ್ಟಿದ ಮೇಲೆ ನಮಗೆ ಶಬ್ದ ಕೇಳಿದಂತೆ ಅನಿಸುತ್ತಿತ್ತು. ಇದನ್ನು ಯಾವ ಸರಾಸರಿಯಲ್ಲಿ ಬರೆಯುವುದು?

ನಾನು ಈ ಊರಿಗೆ ಬಂದದ್ದು 1978ರಲ್ಲಿ. ಆಗ ಸಾಂಟಾ ಕ್ಲಾರಾ ಕಣಿವೆಯಲ್ಲಿ ಇನ್ನೂ ಹಣ್ಣಿನ ತೋಟಗಳಿದ್ದವು, ಕ್ರಿಕೆಟ್ ಸುದ್ದಿ ಮಾತ್ರ ಇರಲಿಲ್ಲ. ಇಲ್ಲಿನ ಪತ್ರಿಕೆಯ ಕ್ರೀಡಾಪುಟದಲ್ಲಿ ಕುದುರೆ, ಗಾಲ್ಫ್, ಮೀನು ಹಿಡಿಯುವುದು ಎಲ್ಲ ಇರುತ್ತಿತ್ತು, ಟೆಸ್ಟ್ ಸ್ಕೋರು ಇಲ್ಲ. ಮಾವನವರು ಏರೋಗ್ರಾಮಿನ ಅಂಚಿನಲ್ಲಿ, ಅಂಟು ಹಚ್ಚುವ ಜಾಗದವರೆಗೂ ಸ್ಕೋರು ಬರೆದು ಕಳುಹಿಸುತ್ತಿದ್ದರು. ಬಿಡಿಸುವಾಗ ಕೊಂಚ ಹರಿದರೆ ಒಬ್ಬಿಬ್ಬರ ರನ್ನು ಕಳೆದುಹೋಗುತ್ತಿತ್ತು. 1980ರ ಫೆಬ್ರುವರಿಯ ಪಂದ್ಯದ ಸುದ್ದಿ ನನಗೆ ಬಂದದ್ದು ಹಾಗೆಯೇ, ಮಾರ್ಚ್ ತಿಂಗಳಿನಲ್ಲಿ.

ಅದು ಭಾರತದ ಕ್ರಿಕೆಟ್ ಮಂಡಳಿಯ ಸುವರ್ಣ ಮಹೋತ್ಸವದ ಟೆಸ್ಟ್, ಮುಂಬಯಿಯ ವಾಂಖೆಡೆಯಲ್ಲಿ. ಖಗ್ರಾಸ ಸೂರ್ಯಗ್ರಹಣ ಬಂದದ್ದರಿಂದ ಫೆಬ್ರುವರಿ 16ರಂದು ಆಟಕ್ಕೆ ರಜೆ. ಅಂಕೋಲೆ, ರಾಯಚೂರುಗಳಲ್ಲಿ ಹಾಡುಹಗಲೇ ಕತ್ತಲಾಗಿತ್ತಲ್ಲ, ಅದೇ ಗ್ರಹಣ. ವಿಶ್ವನಾಥರು ನಾಯಕರು. ಭಾರತ 242. ಇಂಗ್ಲೆಂಡ್ 58ಕ್ಕೆ 5 ವಿಕೆಟ್ ಕಳೆದುಕೊಂಡು ಕುಳಿತಿತ್ತು. ಬೋಥಮ್ ಜೊತೆಗೆ ವಿಕೆಟ್‌ಕೀಪರ್ ಬಾಬ್ ಟೇಲರ್ ಬಂದರು. ಕಪಿಲದೇವರ ಚೆಂಡು ಕೀಪರ್ ಕೈ ಸೇರಿತು, ಅಪೀಲಾಯಿತು, ಅಂಪೈರ್ ಬೆರಳೆತ್ತಿದರು. ಟೇಲರ್ ನಿಂತೇ ಇದ್ದರು, ತಾಗಿಲ್ಲವೆಂಬ ಮುಖದಲ್ಲಿ. ಸ್ಲಿಪ್ಪಿನಲ್ಲಿದ್ದ ವಿಶ್ವನಾಥರಿಗೂ ತಾಗಿಲ್ಲವೆಂದು ಗೊತ್ತಿತ್ತು. ಅಂಪೈರ್ ಹತ್ತಿರ ಹೋಗಿ ಅಪೀಲನ್ನು ಹಿಂದಕ್ಕೆ ಪಡೆದರು. ಟೇಲರ್ ಉಳಿದರು. ಅವರೂ ಬೋಥಮರೂ ಸೇರಿ 171 ರನ್ ಕೂಡಿಸಿದರು. ಬೋಥಮ್ 114 ಹೊಡೆದು, ಎರಡು ಇನಿಂಗ್ಸ್ ಸೇರಿ 13 ವಿಕೆಟ್ಟನ್ನೂ ತೆಗೆದರು. ಅದೇ ಟೇಲರ್ ಆ ಪಂದ್ಯದಲ್ಲಿ 10 ಕ್ಯಾಚ್ ಹಿಡಿದರು. ಭಾರತ 10 ವಿಕೆಟ್ಟುಗಳಿಂದ ಸೋತಿತು. ವಿಶ್ವನಾಥ್ ಟೆಸ್ಟ್ ತಂಡದ ನಾಯಕರಾಗಿ ಮತ್ತೆ ಆಡಲಿಲ್ಲ, ಅದು ಅವರ ಎರಡನೆಯ ಮತ್ತು ಕೊನೆಯ ಪಂದ್ಯ.

ನನ್ನ ಮಿತ್ರರ ವಾದ ಹೀಗೆ: “ಸ್ವಂತ ವಿಕೆಟ್ ದಾನ ಮಾಡಲಿ, ದೊಡ್ಡ ಗುಣ. ಆದರೆ ಅದು ಹನ್ನೊಂದು ಜನರ ಪಂದ್ಯ. ಕಷ್ಟಪಟ್ಟು ಓಡಿ ಬಂದು ಬೌಲ್ ಮಾಡಿದವನು ಕಪಿಲ್. ಊರವರ ಹಣದಲ್ಲಿ ದಾನ ಮಾಡುವುದು ಯಾವ ಧರ್ಮ? ಅಂಪೈರ್ ಇರುವುದಾದರೂ ಯಾಕೆ?” ಇದು ತಳ್ಳಿಹಾಕುವ ಮಾತಲ್ಲ. ಜೊತೆಗೆ ಅವರು ಇನ್ನೊಂದು ಬಾಣವನ್ನೂ ಬಿಟ್ಟರು. ನಾನು ಹೊಗಳುವ 1974ರ ಆ 162ರ ಆಟದಲ್ಲಿ, ವಿಶ್ವನಾಥ್ ಎದುರಿಸಿದ ಮೊದಲ ಚೆಂಡಿಗೇ ಎಲ್‌ಬಿಡಬ್ಲ್ಯು ಆಗಿದ್ದರೆಂದು ಮುಂಬಯಿಯವರು ಇಂದಿಗೂ ಹೇಳಿಕೊಳ್ಳುತ್ತಾರೆ. ಅಂದು ಅಂಪೈರ್ ಕೊಟ್ಟದ್ದನ್ನು ತೆಗೆದುಕೊಂಡರಲ್ಲ ಎಂದರು.

ನನ್ನ ಉತ್ತರ ಇದು. ಎಲ್‌ಬಿಡಬ್ಲ್ಯು ಎಂಬುದು ಚೆಂಡು ಮುಂದೆ ಎಲ್ಲಿಗೆ ಹೋಗುತ್ತಿತ್ತು ಎಂಬ ಊಹೆ. ಊಹೆ ಮಾಡಲು ಅಂಪೈರ್ ಬೇಕು, ಬ್ಯಾಟುಗಾರನಿಗೆ ಅದು ಗೊತ್ತಾಗುವುದಿಲ್ಲ. ಆದರೆ ತಾಗಿತೇ ಇಲ್ಲವೇ ಎಂಬುದು ಊಹೆಯಲ್ಲ, ಅದು ಕಂಡದ್ದು. ಅಪೀಲು ಎಂದರೆ ಪ್ರಶ್ನೆ ಮಾತ್ರವಲ್ಲ, ಒಂದು ರೀತಿಯ ಸಾಕ್ಷಿಯೂ ಹೌದು. ತಾಗಿಲ್ಲವೆಂದು ಗೊತ್ತಿದ್ದೂ ಸುಮ್ಮನಿದ್ದರೆ ಹನ್ನೊಂದು ಜನರೂ ಸೇರಿ ಸುಳ್ಳು ಸಾಕ್ಷಿ ಹೇಳಿದ ಹಾಗೆ. ಅದನ್ನು ಹಿಂದಕ್ಕೆ ಪಡೆಯುವ ಅವಕಾಶವನ್ನು ಕ್ರಿಕೆಟ್ ಕಾನೂನೇ ನಾಯಕನಿಗೆ ಕೊಟ್ಟಿದೆ. ಅವರು ಕಪಿಲರ ವಿಕೆಟ್ಟನ್ನು ದಾನ ಮಾಡಲಿಲ್ಲ, ಕಪಿಲರದಲ್ಲದ ವಿಕೆಟ್ಟನ್ನು ಹಿಂದಿರುಗಿಸಿದರು. ಅಂಗಡಿಯವನು ಹೆಚ್ಚು ಚಿಲ್ಲರೆ ಕೊಟ್ಟರೆ ವಾಪಸು ಕೊಡಲು ಮನೆಯವರನ್ನೆಲ್ಲ ಕೇಳಬೇಕೇ? ಸೋತದ್ದು ಟೇಲರಿಂದ ಎನ್ನುವುದೂ ಪೂರ್ತಿ ಸರಿಯಲ್ಲ. ಎರಡನೆಯ ಇನಿಂಗ್ಸಿನಲ್ಲಿ ನಾವು 149ಕ್ಕೆ ಬಿದ್ದೆವಲ್ಲ, ಅದಕ್ಕೆ ಟೇಲರ್ ಏನು ಮಾಡಿಯಾರು?

ಇಲ್ಲಿನ ಬೇಸ್‌ಬಾಲಿನಲ್ಲಿ ಧರ್ಮ ಬೇರೆ. ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಂಡಲ್‌ಸ್ಟಿಕ್ ಪಾರ್ಕಿನ ಚಳಿಗಾಳಿಯಲ್ಲಿ ಮಗನನ್ನು ಕರೆದುಕೊಂಡು ಹೋಗಿ ಜೈಂಟ್ಸ್ ಆಟ ನೋಡಿದ್ದೇನೆ. ಅಲ್ಲಿ ಹಿಂದೆ ಕುಳಿತ ಕ್ಯಾಚರ್ ಹೊರಗೆ ಹೋಗುವ ಚೆಂಡನ್ನು ಹಿಡಿದು ಮೆಲ್ಲನೆ ಒಳಗೆಳೆದು ಅಂಪೈರನ್ನು ನಂಬಿಸಿದರೆ ಅದು ಕುಶಲತೆ, ಅದಕ್ಕೆ ಸಂಬಳವೂ ಹೆಚ್ಚು. ಆದರೆ ಅಲ್ಲೂ ಮನುಷ್ಯರಿದ್ದಾರೆ. 2010ರ ಜೂನ್ 2ರಂದು ಡೆಟ್ರಾಯಿಟಿನ ಆರ್ಮಾಂಡೋ ಗಲಾರಾಗ ಎಂಬ ಪಿಚರ್ ಒಬ್ಬರನ್ನೂ ಬೇಸಿಗೆ ಬಿಡದೆ ಇಪ್ಪತ್ತಾರು ಜನರನ್ನು ಔಟ್ ಮಾಡಿ, ಇಪ್ಪತ್ತೇಳನೆಯವನೂ ಔಟಾದಾಗ ಅಂಪೈರ್ ಜಿಮ್ ಜಾಯ್ಸ್ ತಪ್ಪಾಗಿ ಔಟಿಲ್ಲ ಎಂದರು. ಗಲಾರಾಗ ಕೂಗಾಡಲಿಲ್ಲ, ನಕ್ಕು ಹೋಗಿ ಮುಂದಿನ ಚೆಂಡು ಎಸೆದರು. ಅಂಪೈರ್ ಆಮೇಲೆ ತಪ್ಪು ನೋಡಿ ಅತ್ತರು, ಎಲ್ಲರೆದುರು ಒಪ್ಪಿಕೊಂಡರು. ದಾಖಲೆಯ ಪುಸ್ತಕದಲ್ಲಿ ಆ ಪಂದ್ಯಕ್ಕೆ ಪರಿಪೂರ್ಣ ಎಂಬ ಹೆಸರಿಲ್ಲ, ಆದರೆ ಅಂಥ ಹೆಸರು ಪಡೆದ ಎಷ್ಟು ಪಂದ್ಯ ಜನರಿಗೆ ಇಷ್ಟು ನೆನಪಿದೆ?

ಈಗ ಈ ಲೇಖನದ ಕಷ್ಟದ ಭಾಗ.

1986ರ ಬೇಸಗೆಯ ನಮ್ಮ ಪಿಕ್ನಿಕ್ ಹಳಬರಿಗೆ ನೆನಪಿರಬಹುದು. ಸಾಫ್ಟ್‌ಬಾಲ್ ಮೈದಾನದಲ್ಲಿ ಟೆನಿಸ್ ಚೆಂಡಿನ ಕ್ರಿಕೆಟ್, ಬೆಂಗಳೂರು-ಮೈಸೂರು ಒಂದು ಕಡೆ, ಮಿಕ್ಕ ಕರ್ನಾಟಕವೆಲ್ಲ ಇನ್ನೊಂದು ಕಡೆ. ಸದಸ್ಯರೊಬ್ಬರ ಕಛೇರಿಯ ಅಮೆರಿಕನ್ ಸ್ನೇಹಿತರೊಬ್ಬರು, ಯಾರ ಪಕ್ಷವೂ ಅಲ್ಲವೆಂಬ ಅರ್ಹತೆಯಿಂದ, ಅಂಪೈರ್. ಧಾರವಾಡದ ಮಿತ್ರರು ಹಾಕಿದ ಚೆಂಡು ನನ್ನ ಬ್ಯಾಟಿನ ಅಂಚಿಗೆ ತಾಗಿ ಕೀಪರ್ ಕೈ ಸೇರಿತು. ಎಲ್ಲರೂ ಕೂಗಿದರು. ಅಂಪೈರ್ ನನ್ನ ಮುಖ ನೋಡಿದರು. ನಾನು ಪ್ಯಾಂಟಿಗೆ ತಾಗಿತು ಎಂಬಂತೆ ಮಂಡಿ ಉಜ್ಜಿಕೊಂಡೆ. ಔಟ್ ಕೊಡಲಿಲ್ಲ. ಆಮೇಲೆ ನಾನು ಇಪ್ಪತ್ತು ಚಿಲ್ಲರೆ ರನ್ ಹೊಡೆದೆ, ನಾವು ಗೆದ್ದೆವು, ನಾನೇ ಭಾಷಣವನ್ನೂ ಮಾಡಿದೆ. ಮನೆಗೆ ಬರುವಾಗ ಹಿಂದಿನ ಸೀಟಿನಿಂದ ಎಂಟು ವರ್ಷದ ಮಗ ಕೇಳಿದ: “ಅಪ್ಪ, ಶಬ್ದ ಬಂತಲ್ಲ? ವಿಶ್ವನಾಥ್ ಆಗಿದ್ದರೆ ಹೊರಟುಹೋಗುತ್ತಿದ್ದರಾ?” ಅವನಿಗೆ ಟೇಲರ್ ಕಥೆಯನ್ನು ಮಲಗುವಾಗ ಹತ್ತು ಸಲ ಹೇಳಿದವನು ನಾನೇ. “ಅಂಪೈರ್ ಹೇಳಿದ್ದೇ ಕೊನೆ ಮಾತು” ಎಂದೆ. ಅವನು ಮತ್ತೆ ಕೇಳಲಿಲ್ಲ. ಆಮೇಲೆ ಆ ಕಥೆ ಹೇಳು ಎಂದೂ ಕೇಳಲಿಲ್ಲ.

ಯುಗಾದಿಯ ದಿನ ಅಷ್ಟು ಜೋರಾಗಿ ವಾದ ಮಾಡಿದ್ದು ಯಾಕೆಂದು ಮನೆಗೆ ಬಂದ ಮೇಲೆ ಯೋಚಿಸಿದೆ. ವಿಶ್ವನಾಥರಿಗೆ ನನ್ನ ವಕಾಲತ್ತು ಬೇಕಾಗಿಲ್ಲ. ಒಂದು ಟೆಸ್ಟನ್ನು, ನಾಯಕತ್ವವನ್ನು ಪಣಕ್ಕಿಟ್ಟು ಅವರು ಮಾಡಿದ್ದನ್ನು ನಾನು ಒಂದು ತಟ್ಟೆ ಚಿತ್ರಾನ್ನದ ಪಂದ್ಯದಲ್ಲಿ ಮಾಡಲಾರದೆ ಹೋದೆ. ಅದು ಎಷ್ಟು ಕಷ್ಟವೆಂದು ನನಗೆ ಗೊತ್ತಿರುವುದರಿಂದಲೇ ಅವರು ಮಾಡಿದ್ದು ಸರಿ ಎನ್ನುತ್ತೇನೆ. ಧಾರವಾಡದ ಮಿತ್ರರು ಈಗಲೂ ಈ ಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯವರೆಗೆ ಓದುವವರು. ಸ್ವಾಮಿ, ಆ ಚೆಂಡು ತಾಗಿತ್ತು. ನಾನು ಔಟು. ನಿಮ್ಮ ಲೆಕ್ಕಕ್ಕೆ ಒಂದು ವಿಕೆಟ್ ಸೇರಿಸಿಕೊಳ್ಳಿ.

ಇಂದು ಕಾಲ ಬದಲಾಗಿದೆ. ದೊಡ್ಡ ಪಂದ್ಯಗಳಲ್ಲಿ ತಾಗಿತೇ ಎಂದು ಯಂತ್ರ ಹೇಳುತ್ತದೆ, ನಾಯಕನ ಮನಸ್ಸಾಕ್ಷಿಗೆ ಅಷ್ಟರಮಟ್ಟಿಗೆ ಬಿಡುವು. ನಮ್ಮ ಕೊಲ್ಲಿ ಪ್ರದೇಶಕ್ಕೂ ಕ್ರಿಕೆಟ್ ಬಂದಿದೆ. ಸನಿವೇಲಿನ ಒರ್ಟೇಗಾ ಪಾರ್ಕಿನಲ್ಲಿ ಪಿಚ್ ಇದೆ. 2025ರ ಜೂನಿನಲ್ಲಿ ಓಕ್‌ಲೆಂಡ್ ಕೊಲಿಸಿಯಮ್ಮಿನಲ್ಲೇ, ಬೇಸ್‌ಬಾಲ್ ತಂಡ ಖಾಲಿ ಮಾಡಿಹೋದ ಜಾಗದಲ್ಲಿ, ಫಿನ್ ಆ್ಯಲೆನ್ ಎಂಬಾತ ಒಂದೇ ಇನಿಂಗ್ಸಿನಲ್ಲಿ 19 ಸಿಕ್ಸರ್ ಹೊಡೆದ. 2024ರ ಜೂನ್ 6ರಂದು ಅಮೆರಿಕ ತಂಡ ಪಾಕಿಸ್ತಾನವನ್ನು ಡಲ್ಲಾಸಿನಲ್ಲಿ ಸೋಲಿಸಿದಾಗ 30 ರನ್ನಿಗೆ 3 ವಿಕೆಟ್ ತೆಗೆದ ನಾಸ್ತುಷ್ ಕೆಂಜಿಗೆ, ಅಲಬಾಮಾದಲ್ಲಿ ಹುಟ್ಟಿ ನಮ್ಮ ಚಿಕ್ಕಮಗಳೂರಿನ ಕಡೆ ಬೆಳೆದ ಹುಡುಗ. 2028ರ ಲಾಸ್ ಏಂಜಲಿಸ್ ಒಲಿಂಪಿಕ್ಸಿಗೂ ಕ್ರಿಕೆಟನ್ನು ಸೇರಿಸಿದ್ದಾರೆ. ಕ್ಯೂಪರ್‌ಟಿನೋ, ಫ್ರೀಮಾಂಟ್‌ಗಳಲ್ಲಿ ನಮ್ಮ ಮೊಮ್ಮಕ್ಕಳು ಬಿಳಿ ಪ್ಯಾಡು ಕಟ್ಟಿಕೊಂಡು ಹೋಗುವುದನ್ನು ನೋಡಿದರೆ ಏರೋಗ್ರಾಮಿನ ಕಾಲದ ನಮಗೆ ಕಣ್ಣು ತುಂಬುತ್ತದೆ.

ಆದರೆ ಮಕ್ಕಳ ಮೈದಾನದಲ್ಲಿ ಯಂತ್ರವಿಲ್ಲ, ಪಿಕ್ನಿಕ್ಕಿನಲ್ಲಂತೂ ಇಲ್ಲವೇ ಇಲ್ಲ. ಅಲ್ಲಿ ತಾಗಿತೇ ಎಂದು ಹೇಳಬೇಕಾದವರು ಆಡುವವರೇ. ಆದ್ದರಿಂದ ಕಾರ್ಯಕಾರಿ ಸಮಿತಿಯವರಲ್ಲಿ ಎರಡು ಸಣ್ಣ ಬಿನ್ನಹ. ಒಂದು, ಈ ಸಲದ ಪಿಕ್ನಿಕ್ ಪಂದ್ಯದಲ್ಲಿ ಹೆಣ್ಣುಮಕ್ಕಳನ್ನೂ ತಂಡಕ್ಕೆ ಸೇರಿಸಿ, ಪಾನಕ ಹಂಚಲು ಮಾತ್ರ ಕರೆಯಬೇಡಿ. ಭಾರತದ ಮಹಿಳಾ ಟೆಸ್ಟ್ ತಂಡದ ಮೊದಲ ನಾಯಕಿ ನಮ್ಮ ಶಾಂತಾ ರಂಗಸ್ವಾಮಿ, 1976ರಲ್ಲಿ ಬೆಂಗಳೂರಿನಲ್ಲೇ ವೆಸ್ಟ್ ಇಂಡೀಸ್ ಎದುರು ಆಡಿದರು ಎಂಬುದು ನೆನಪಿರಲಿ. ಎರಡು, ಕ್ಯಾಚಿನ ವಿಷಯದಲ್ಲಿ ಅಂಪೈರ್ ಬೇಡ. ತಾಗಿದರೆ ಬ್ಯಾಟುಗಾರ ತಾನೇ ಹೊರಡಬೇಕು. ತಾಗಿಲ್ಲವೆಂದು ಕೀಪರಿಗೆ ಗೊತ್ತಿದ್ದರೆ ತಾನೇ ಹೇಳಬೇಕು. ಜಗಳ ಆದೀತು ಎನ್ನುವಿರಾ? ಆಗಲಿ. ಮಕ್ಕಳು ನೋಡುತ್ತಿರುತ್ತಾರೆ, ಹಿಂದಿನ ಸೀಟಿನಿಂದ ಕೇಳುತ್ತಾರೆ.

ನಾನು ಈಗ ಓಡಲಾರೆ, ಆದರೆ ಸ್ಕೋರು ಬರೆಯಬಲ್ಲೆ. ಲೆಕ್ಕದ ಪುಸ್ತಕ, ಪೆನ್ಸಿಲು ನಾನೇ ತರುತ್ತೇನೆ. ಎಲ್ಲರೂ ಬನ್ನಿ.